ದಾಳಿ ಆಯ್ತು, ಆಮೇಲೇನಾಯ್ತು? ಆಹಾರ ಸುರಕ್ಷತಾ ಆಯುಕ್ತರಿಗೆ ಒಬ್ಬ ದಿನಸಿ ಅಂಗಡಿಯವನ ಬಹಿರಂಗ ಪತ್ರ

ಮಾನ್ಯ ಆಯುಕ್ತರಿಗೆ ನಮಸ್ಕಾರಗಳು.

ನಾನು ಹಳೇ ಮೈಸೂರು ಕಡೆಯ ಒಂದು ತಾಲ್ಲೂಕು ಊರಿನಲ್ಲಿ ದಿನಸಿ ಅಂಗಡಿ ಇಟ್ಟುಕೊಂಡಿರುವವನು. ಅಪ್ಪನ ಕಾಲದ ಅಂಗಡಿ. ಅಕ್ಕಿ, ಬೇಳೆ, ಎಣ್ಣೆ, ಬೆಲ್ಲ, ಖಾರದ ಪುಡಿ, ಬಿಸ್ಕತ್ತು, ಮೂಲೆಯಲ್ಲೊಂದು ಐಸ್‌ಕ್ರೀಮ್ ಫ್ರೀಜರು. ನಿಮ್ಮ ಇಲಾಖೆಯ ಜೀಪು ಬೀದಿಗೆ ಬಂದರೆ ಎದೆ ಡವಡವ ಅನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. ಆದರೂ ದಾಳಿ ಮಾಡಬೇಡಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಇನ್ನೂ ಜಾಸ್ತಿ ಮಾಡಿ. ಆದರೆ ದಾಳಿ ಆದ ಮೇಲೆ ಏನಾಯ್ತು ಅನ್ನುವುದನ್ನು ಊರಿಗೆ ಹೇಳಿ. ನನ್ನ ತಕರಾರು ಇಷ್ಟೇ.

ಸುದ್ದಿಗೇನೂ ಕಮ್ಮಿ ಇಲ್ಲ. 2024ರ ಮಾರ್ಚ್‌ನಲ್ಲಿ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಅವರು ಗೋಬಿ ಮಂಚೂರಿಗೆ ಕೃತಕ ಬಣ್ಣ ಹಾಕಬಾರದು, ಕಾಟನ್ ಕ್ಯಾಂಡಿಗೆ ರೋಡಮೈನ್-ಬಿ ಬಳಸಬಾರದು ಅಂತ ಘೋಷಿಸಿದರು. ಆಗ ಕೊಟ್ಟ ಲೆಕ್ಕದ ಪ್ರಕಾರ 171 ಗೋಬಿ ಮಾದರಿಗಳಲ್ಲಿ 107 ಅಸುರಕ್ಷಿತ. 25 ಕಾಟನ್ ಕ್ಯಾಂಡಿಗಳಲ್ಲಿ 15 ಅಸುರಕ್ಷಿತ. ಜೂನ್‌ನಲ್ಲಿ ಕಬಾಬಿನ ಸರದಿ ಬಂತು, 39ರಲ್ಲಿ 8. ಅಕ್ಟೋಬರ್ ಹೊತ್ತಿಗೆ ಕೇಕು, 235ರಲ್ಲಿ 12. 2025ರ ಫೆಬ್ರವರಿಯಲ್ಲಿ ಇಡ್ಲಿ. ನೋಡಿದ 251 ಕಡೆಗಳಲ್ಲಿ 52 ಕಡೆ ಬಟ್ಟೆ ಹಾಕೋ ಜಾಗದಲ್ಲಿ ಪ್ಲಾಸ್ಟಿಕ್ ಹಾಳೆ ಹಾಸಿ ಇಡ್ಲಿ ಬೇಯಿಸುತ್ತಿದ್ದರು.

ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ರೋಡಮೈನ್-ಬಿ ಬಟ್ಟೆಗೆ, ಕಾಗದಕ್ಕೆ ಹಾಕುವ ಬಣ್ಣ. ಅದನ್ನು ಜಾತ್ರೆಯಲ್ಲಿ ಮಕ್ಕಳ ಕೈಗೆ ಕೊಡುತ್ತಿದ್ದರು ಅನ್ನುವುದು ಗೊತ್ತಾಗಿದ್ದೇ ನಿಮ್ಮವರ ಪರೀಕ್ಷೆಯಿಂದ. ಇಡ್ಲಿ ಸುದ್ದಿ ಬಂದ ವಾರ ನಮ್ಮೂರ ಹೋಟೆಲಿನವರೆಲ್ಲ ಬಟ್ಟೆ ಅಂಗಡಿಗೆ ಓಡಿದ್ದನ್ನು ನಾನೇ ನೋಡಿದ್ದೇನೆ. ಭಯ ಕೆಲಸ ಮಾಡುತ್ತೆ. ಆದರೆ ಎಷ್ಟು ದಿನ?

ಆ 107 ಮಾದರಿಗಳ ಕಥೆ ಮುಂದೇನಾಯ್ತು? ಎಷ್ಟರ ಮೇಲೆ ಕೇಸು ಹಾಕಿದಿರಿ? ಎಷ್ಟು ಕೋರ್ಟಿಗೆ ಹೋದವು, ಎಷ್ಟು ಬಿದ್ದುಹೋದವು? ಬಣ್ಣದ ಪುಡಿ ಮಾರಿದವನು ಸಿಕ್ಕಿದನಾ? ನಾನು ಪೇಪರ್ ಓದುವವನು, ಟಿವಿ ನೋಡುವವನು, ದಿನವಿಡೀ ಗಲ್ಲಾ ಮುಂದೆ ಕೂತು ಊರ ಸುದ್ದಿಯೆಲ್ಲ ಕೇಳುವವನು. ಆದರೂ ಇದಕ್ಕೆ ಉತ್ತರ ನನ್ನ ಕಿವಿಗೆ ಬಿದ್ದಿಲ್ಲ. ಊಟಕ್ಕೆ ಕರೆದು, ಎಲೆ ಹಾಕಿ, ಬಡಿಸುವವರೇ ಎದ್ದು ಹೋದ ಹಾಗಾಗಿದೆ.

ಉತ್ತರ ಇಲ್ಲದ ಕಡೆ ಬಾಯಿಗೆ ಬಂದ ಕಥೆಗಳು ತುಂಬಿಕೊಳ್ಳುತ್ತವೆ. ವಾಟ್ಸಾಪಿನಲ್ಲಿ ಪ್ಲಾಸ್ಟಿಕ್ ಅಕ್ಕಿ, ಪ್ಲಾಸ್ಟಿಕ್ ಮೊಟ್ಟೆ ಅಂತ ವಿಡಿಯೋ ಬಂದಾಗ ಅನುಭವಿಸೋದು ನಾವು. ಗಿರಾಕಿ ಅನ್ನದ ಉಂಡೆ ಕಟ್ಟಿ, ನೆಲಕ್ಕೆ ಎಸೆದು, ಪುಟಿಯಿತು ಅಂತ ವಿಡಿಯೋ ಮಾಡಿಕೊಂಡು ಬಂದು ತೋರಿಸುತ್ತಾನೆ. ಅನ್ನದಲ್ಲಿ ಗಂಜಿ ಅಂಶ ಇರುತ್ತಪ್ಪಾ, ಬಿಗಿಯಾಗಿ ಉಂಡೆ ಕಟ್ಟಿದರೆ ಪುಟಿಯುತ್ತೆ ಅಂದರೆ ಯಾರು ನಂಬ್ತಾರೆ? ಹಾಲಿನದ್ದೂ ಇದೇ ಕಥೆ. ಹಾಲೆಲ್ಲ ಯೂರಿಯಾ, ಹಾಲೆಲ್ಲ ಸೋಪಿನ ಪುಡಿ ಅಂತ ಜನ ಮಾತಾಡುತ್ತಾರೆ. 2018ರಲ್ಲಿ ಎಫ್‌ಎಸ್‌ಎಸ್‌ಎಐ, ಅಂದರೆ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ, ದೇಶದ ತುಂಬಾ 6,432 ಹಾಲಿನ ಮಾದರಿಗಳನ್ನು ಪರೀಕ್ಷೆ ಮಾಡಿಸಿತ್ತು. ಯೂರಿಯಾ, ಡಿಟರ್ಜೆಂಟು, ಹೈಡ್ರೋಜನ್ ಪೆರಾಕ್ಸೈಡು ಅಂತ ಕಲಬೆರಕೆ ಸಿಕ್ಕಿದ್ದು 12ರಲ್ಲಿ ಮಾತ್ರ. ನಿಜವಾದ ತೊಂದರೆ ಬೇರೆ ಕಡೆ ಇತ್ತು. 368 ಮಾದರಿಗಳಲ್ಲಿ ಅಫ್ಲಾಟಾಕ್ಸಿನ್-ಎಂ1 ಮಿತಿ ಮೀರಿತ್ತು. ಬೂಷ್ಟು ಹಿಡಿದ ಹಿಂಡಿ, ಮೇವು ತಿಂದ ಹಸುವಿನಿಂದ ಹಾಲಿಗೆ ಬರುವ ವಿಷ ಅದು. ಅಂದರೆ ಹಾಲು ಹಾಕುವವನನ್ನು ಬೈಯ್ಯುವುದು ಬಿಟ್ಟು ಹಿಂಡಿ ಮೂಟೆ ನೋಡಬೇಕಿತ್ತು. ಲೆಕ್ಕವನ್ನು ಪೂರ್ತಿ ಜನರ ಮುಂದೆ ಇಟ್ಟಾಗಲೇ ಅಲ್ವಾ ಇದು ಗೊತ್ತಾಗಿದ್ದು?

ಈಗ ನಮ್ಮ ಅಂಗಡಿ ಒಳಗೆ ಬನ್ನಿ. ಕಲಬೆರಕೆ ಹೇಗೆ ಓಡಾಡುತ್ತೆ ಅಂತ ಹೇಳುತ್ತೇನೆ. ನಿಮಗೆ ಗೊತ್ತಿಲ್ಲದ್ದೇನಲ್ಲ, ಆದರೆ ಓದುವ ಬೇರೆಯವರಿಗೂ ಗೊತ್ತಾಗಲಿ.

ಮಾಲು ಎರಡು ದಾರಿಯಲ್ಲಿ ಬರುತ್ತೆ. ಒಂದು ಬಿಲ್ಲಿನ ದಾರಿ. ಡಿಸ್ಟ್ರಿಬ್ಯೂಟರು, ವಾರಕ್ಕೊಮ್ಮೆ ಲೈನ್ ಗಾಡಿ, ಛಾಪಿಸಿದ ಬಿಲ್ಲು, ಅದರ ಮೇಲೆ ಜಿಎಸ್‌ಟಿ ನಂಬರು, 2022ರ ಜನವರಿಯಿಂದ ಕಡ್ಡಾಯವಾಗಿ 14 ಅಂಕಿಯ ಎಫ್‌ಎಸ್‌ಎಸ್‌ಎಐ ನಂಬರು. ಇನ್ನೊಂದು ಬಾಯಿಮಾತಿನ ದಾರಿ. ಸಂಜೆ ಹೊತ್ತಿಗೆ ಓಮ್ನಿ ವ್ಯಾನಿನಲ್ಲಿ ಒಬ್ಬ ಬರುತ್ತಾನೆ. ಖಾರದ ಪುಡಿ, ಅರಿಶಿನ, ತುಪ್ಪ, ಟೀ ಪುಡಿ, ಏನು ಬೇಕೋ ಅದು. ಕಂಪನಿ ಮಾಲಿಗಿಂತ ಕಿಲೋಗೆ ನೂರಾರು ರೂಪಾಯಿ ಕಮ್ಮಿ, ಮಾರ್ಜಿನ್ನು ಡಬಲ್. ‘ಬಿಲ್ಲು ಕೊಡಪ್ಪ’ ಅಂದರೆ ‘ಬಿಲ್ಲು ಬೇಕಿದ್ರೆ ರೇಟು ಬೇರೆ ಅಣ್ಣಾ’ ಅನ್ನುತ್ತಾನೆ. ಆ ಒಂದು ಮಾತಿನಲ್ಲೇ ಎಲ್ಲ ಗೊತ್ತಾಗುತ್ತೆ. ಒಣಮೆಣಸಿನಕಾಯಿ ರೇಟು ಮಾರುಕಟ್ಟೆಯಲ್ಲಿ ಎಷ್ಟಿದೆ ಅಂತ ಗೊತ್ತಿರುವ ಯಾರಿಗಾದರೂ, ಅದನ್ನು ಪುಡಿ ಮಾಡಿ, ಪ್ಯಾಕ್ ಮಾಡಿ, ಮೆಣಸಿನಕಾಯಿಗಿಂತ ಕಮ್ಮಿ ರೇಟಿಗೆ ಕೊಡಲು ಹೇಗೆ ಸಾಧ್ಯ ಅನ್ನೋ ಪ್ರಶ್ನೆ ಏಳಲೇಬೇಕು.

2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಬರೆದವರಿಗೆ ಇದು ಚೆನ್ನಾಗಿ ಗೊತ್ತಿತ್ತು ಅಂತ ಕಾಣುತ್ತೆ. 26ನೇ ಕಲಮಿನ ಪ್ರಕಾರ ತಯಾರಕನಾಗಲಿ, ಡಿಸ್ಟ್ರಿಬ್ಯೂಟರಾಗಲಿ ಅಂಗಡಿಯವನಿಗೆ ಮಾಲು ಕೊಡುವಾಗ ಲಿಖಿತ ಗ್ಯಾರಂಟಿ ಕೊಡಬೇಕು. ಬೇರೆ ಕಾಗದ ಇಲ್ಲದಿದ್ದರೂ ಬಿಲ್ಲನ್ನೇ ಗ್ಯಾರಂಟಿ ಅಂತ ತಿಳಿಯಬೇಕು. 27ನೇ ಕಲಮಿನ ಪ್ರಕಾರ, ಮಾಲು ಯಾರಿಂದ ಬಂತು ಅಂತ ತೋರಿಸಲಾಗದ ಅಂಗಡಿಯವನ ಮೇಲೆಯೇ ಹೊಣೆ ಬೀಳುತ್ತೆ. ನ್ಯಾಯವಾಗಿಯೇ ಇದೆ. ಬಿಲ್ಲಿಲ್ಲದ ಮಾಲು ಇಟ್ಟವನು ಅನುಭವಿಸಲಿ.

ಆದರೆ ಬಿಲ್ಲು ಇಟ್ಟುಕೊಂಡವನ ಪಾಡು ಕೇಳಿ. ನನ್ನ ಅಂಗಡಿಯಿಂದ ಒಮ್ಮೆ ಸಾಂಬಾರ ಪುಡಿಯ ಸ್ಯಾಂಪಲ್ ತಗೊಂಡು ಹೋದರು. ಅಧಿಕಾರಿ ಮರ್ಯಾದಸ್ಥರು, ಯಾವ ದೂರೂ ಇಲ್ಲ. ದುಡ್ಡು ಕೊಟ್ಟೇ ಖರೀದಿ ಮಾಡಿದರು. ನೋಟಿಸಿಗೆ ಸಹಿ ತಗೊಂಡರು. ಪಕ್ಕದ ಸೈಕಲ್ ಶಾಪಿನವನನ್ನು ಸಾಕ್ಷಿಗೆ ಕರೆದರು. ಅವನು ‘ನನಗ್ಯಾಕೆ ಸಾರ್ ಈ ಉಸಾಬರಿ’ ಅಂತ ಗೊಣಗಿಕೊಂಡೇ ಬಂದ. ಮಾದರಿಯನ್ನು ನಾಲ್ಕು ಭಾಗ ಮಾಡಿ, ಒಂದೊಂದನ್ನೂ ಕಾಗದದಲ್ಲಿ ಸುತ್ತಿ, ಚೀಟಿ ಅಂಟಿಸಿ, ದಾರ ಕಟ್ಟಿ, ಅರಗು ಕರಗಿಸಿ ಮೊಹರು ಒತ್ತಿದರು. ನನ್ನ ಸಹಿ ಅರ್ಧ ಚೀಟಿಯ ಮೇಲೆ, ಅರ್ಧ ಕಾಗದದ ಮೇಲೆ ಬರಬೇಕು. ಯಾರೂ ಬಿಚ್ಚಿ ಬದಲಾಯಿಸಬಾರದು ಅಂತ. ಒಂದು ಭಾಗ ಸರ್ಕಾರಿ ಲ್ಯಾಬಿಗೆ, ಎರಡು ಅಂಕಿತಾಧಿಕಾರಿ (ಜಿಲ್ಲೆಯ ಆಹಾರ ಸುರಕ್ಷತೆ ನೋಡಿಕೊಳ್ಳುವ ಮೇಲಧಿಕಾರಿ) ಹತ್ತಿರ, ಇನ್ನೊಂದು ನಾನು ಕೇಳಿದರೆ ಮಾನ್ಯತೆ ಇರುವ ಬೇರೆ ಲ್ಯಾಬಿಗೆ. ಅಷ್ಟು ಅಚ್ಚುಕಟ್ಟು ನೋಡಿ ನನಗೆ ಖುಷಿಯೇ ಆಯ್ತು. ಬಿಲ್ಲಿನ ಜೆರಾಕ್ಸ್ ಕೊಟ್ಟೆ. ‘ಇವರಿಂದ ತಗೊಂಡಿದ್ದು ಸಾರ್, ಅವರ ಗೋಡೌನೂ ನೋಡಿ’ ಅಂದೆ.

ಕಾಯ್ದೆ ಪ್ರಕಾರ ಆಹಾರ ವಿಶ್ಲೇಷಕರು ಮಾದರಿ ಸಿಕ್ಕಿದ 14 ದಿನದೊಳಗೆ ವರದಿ ಕೊಡಬೇಕು. ನನಗೆ ಏನೂ ಬರಲಿಲ್ಲ. ಪಾಸಾಯ್ತೋ ಫೇಲಾಯ್ತೋ ಗೊತ್ತಿಲ್ಲ. ಫೇಲಾದರೆ ನೋಟಿಸು ಬರುತ್ತೆ ಅಂತ ಬೇರೆ ಅಂಗಡಿಯವರು ಹೇಳಿದರು. ಸರಿ, ಪಾಸಾಗಿರಬೇಕು ಅಂದುಕೊಂಡೆ. ಅದೇ ಬ್ಯಾಚಿನ ಮಾಲು ರ್‍ಯಾಕಿನಲ್ಲಿ ಇಟ್ಟುಕೊಂಡು ಮಾರಬೇಕೋ ಬೇಡವೋ ಅನ್ನೋ ಗೊಂದಲದಲ್ಲಿ ದಿನ ಕಳೆದವು. ಅಷ್ಟು ಹೊತ್ತಿಗೆ ಮಾಲೂ ಖರ್ಚಾಯ್ತು. ಒಂದು ವೇಳೆ ಅದು ಅಸುರಕ್ಷಿತ ಅಂತ ಬಂದಿದ್ದರೆ, ಊರಿನವರ ಹೊಟ್ಟೆ ಸೇರಿದ ಮೇಲೆ ನಮಗೆ ಗೊತ್ತಾಗುತ್ತಿತ್ತು. ಪಾಸಾದರೂ ಒಂದು ಸಾಲಿನ ಎಸ್‌ಎಂಎಸ್ ಕಳಿಸಿ ಸ್ವಾಮಿ. ಗ್ಯಾಸ್ ಸಿಲಿಂಡರ್ ಬುಕ್ ಮಾಡಿದರೆ ಬರೋದಿಲ್ಲವೇ?

ಇನ್ನೊಂದು ವಿಷಯ ಜನಕ್ಕೆ ಅಷ್ಟಾಗಿ ಗೊತ್ತಿಲ್ಲ. ಎಲ್ಲ ಸ್ಯಾಂಪಲ್ಲೂ ಒಂದೇ ಅಲ್ಲ. ನಾಲ್ಕು ಭಾಗ ಮಾಡಿ ಮೊಹರು ಹಾಕಿದ್ದು ಲೀಗಲ್ ಸ್ಯಾಂಪಲ್. ಅದರ ಮೇಲೆ ಕೇಸು ನಡೆಯುತ್ತೆ. ಸಮೀಕ್ಷೆಗೆ ಅಂತ ಸುಮ್ನೆ ಎತ್ತಿಕೊಂಡು ಹೋದದ್ದು ಸರ್ವೆ ಸ್ಯಾಂಪಲ್. ಅದು ಫೇಲಾದರೂ ಅದರ ಮೇಲೆ ಶಿಕ್ಷೆ ಕೊಡಿಸಲು ಆಗಲ್ಲ, ಮತ್ತೆ ಹೋಗಿ ಲೀಗಲ್ ಸ್ಯಾಂಪಲ್ ತರಬೇಕು. ಸರ್ವೆಯೂ ಬೇಕು, ತೊಂದರೆ ಎಲ್ಲಿದೆ ಅಂತ ಅದರಿಂದಲೇ ತಿಳಿಯೋದು. ಆದರೆ ಇಷ್ಟರಲ್ಲಿ ಇಷ್ಟು ಅಸುರಕ್ಷಿತ ಅಂತ ಹೇಳುವಾಗ, ಅದು ಯಾವ ಥರದ ಸ್ಯಾಂಪಲ್ ಅಂತಲೂ ಹೇಳಬೇಕಲ್ವಾ? ನಾಳೆ ಎಲ್ಲರೂ ಜೈಲಿಗೆ ಹೋಗುತ್ತಾರೆ ಅಂತ ಕೇಳಿದವರು ಅಂದುಕೊಳ್ಳುತ್ತಾರೆ. ಯಾರೂ ಹೋಗದಿದ್ದಾಗ ‘ಎಲ್ಲ ಅಡ್ಜಸ್ಟ್‌ಮೆಂಟ್’ ಅಂತ ಮಾತಾಡಿಕೊಳ್ಳುತ್ತಾರೆ. ಆ ಕೆಟ್ಟ ಹೆಸರು ಪ್ರಾಮಾಣಿಕ ಅಧಿಕಾರಿಗೂ ಅಂಟಿಕೊಳ್ಳುತ್ತೆ.

ಅವಸರದ ದಾಳಿಯಿಂದ ಏನಾಗುತ್ತೆ ಅಂತ 2015ರಲ್ಲಿ ದೇಶವೇ ನೋಡಿದೆ. ಆ ಜೂನ್‌ನಲ್ಲಿ ಮ್ಯಾಗಿ ನೂಡಲ್ಸ್ ಮೇಲೆ ನಿಷೇಧ ಬಂತು. ನಮ್ಮ ಅಂಗಡಿಯಿಂದಲೂ ಬಾಕ್ಸ್‌ಗಟ್ಟಲೆ ವಾಪಸ್ ಹೋಯಿತು. ಆಗಸ್ಟ್‌ನಲ್ಲಿ ಬಾಂಬೆ ಹೈಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಕಂಪನಿಗೆ ತನ್ನ ಮಾತು ಹೇಳಲು ಅವಕಾಶ ಕೊಟ್ಟಿರಲಿಲ್ಲ, ಪರೀಕ್ಷೆ ಮಾಡಿದ ಲ್ಯಾಬುಗಳಿಗೆ ಕಾಯ್ದೆ ಕೇಳುವ ಮಾನ್ಯತೆ ಇರಲಿಲ್ಲ ಅನ್ನೋದು ಕಾರಣ. ಮಾಲು ಒಳ್ಳೆಯದೋ ಕೆಟ್ಟದ್ದೋ ಅನ್ನೋ ಚರ್ಚೆ ಪಕ್ಕಕ್ಕೆ ಹೋಗಿ, ಕಾಗದ ಪತ್ರದ ಮೇಲೆ ಸೋತರು. ಅಷ್ಟು ದೊಡ್ಡ ಕೇಸಿನಲ್ಲೇ ಹೀಗಾದರೆ, ನಮ್ಮ ಜಿಲ್ಲೆಯ ಒಂದು ತುಪ್ಪದ ಕೇಸು ಎಷ್ಟು ಸುಲಭವಾಗಿ ಬಿದ್ದುಹೋಗಬಹುದು ಅಂತ ನೀವೇ ಲೆಕ್ಕ ಹಾಕಿ. ಒಂದು ವರ್ಷದೊಳಗೆ ಕೇಸು ಕೋರ್ಟಿಗೆ ಹೋಗದಿದ್ದರೆ ನಿಮ್ಮ ವಿಶೇಷ ಅನುಮತಿ ಬೇಕು, ಮೂರು ವರ್ಷ ದಾಟಿದರೆ ಅದೂ ಇಲ್ಲ. ತಡ ಆದಷ್ಟೂ ಕಳ್ಳನಿಗೇ ಲಾಭ.

ಈಗ ಲೇಬಲ್ ಮಾತು. ನನ್ನ ಪ್ರಕಾರ ಇವತ್ತಿನ ದೊಡ್ಡ ಮೋಸ ಇಲ್ಲೇ ಇದೆ, ಯಾಕಂದರೆ ಇದರಲ್ಲಿ ಯಾರೂ ಸಾಯಲ್ಲ, ಹಾಗಾಗಿ ಯಾರಿಗೂ ಕೋಪ ಬರಲ್ಲ.

ನನ್ನ ಫ್ರೀಜರನ್ನೇ ತೋರಿಸುತ್ತೇನೆ. ಅದರಲ್ಲಿರುವ ಕಪ್ಪುಗಳಲ್ಲಿ ಅರ್ಧಕ್ಕರ್ಧ ಐಸ್‌ಕ್ರೀಮೇ ಅಲ್ಲ. ಹಾಲಿನ ಕೊಬ್ಬು ತೆಗೆದು ತಾಳೆ ಎಣ್ಣೆ ಥರದ ಗಿಡದ ಕೊಬ್ಬು ಹಾಕಿ ಮಾಡಿದ್ದು. ಕಾನೂನು ಅದನ್ನು ಫ್ರೋಜನ್ ಡೆಸರ್ಟ್ ಅನ್ನುತ್ತೆ. ತಯಾರಿಸುವುದು ತಪ್ಪಲ್ಲ, ಮಾರುವುದೂ ತಪ್ಪಲ್ಲ. ಆದರೆ ಮುಚ್ಚಳದ ಮೇಲೆ ಕೆನೆ ಉಕ್ಕುವ ಚಿತ್ರ, ಬಾಯಲ್ಲಿ ನೀರೂರುವ ಹೆಸರು, ಫ್ರೋಜನ್ ಡೆಸರ್ಟ್ ಅನ್ನೋ ಮಾತು ಅಂಚಿನಲ್ಲಿ, ಬೆಳ್ಳಿ ಬಣ್ಣದ ಮೇಲೆ ಬಿಳಿ ಅಕ್ಷರದಲ್ಲಿ. ನನ್ನ ಕನ್ನಡಕ ಹಾಕಿಕೊಂಡು ಬೆಳಕಿಗೆ ಓರೆ ಹಿಡಿದರೆ ಕಾಣುತ್ತೆ. ಹತ್ತು ರೂಪಾಯಿ ಹಿಡಿದು ಬಂದ ಮಗುವಿಗೆ ಹೇಗೆ ಕಾಣಬೇಕು?

ಕಾಫಿ ಪುಡಿಯೂ ಹೀಗೇ. ಕಾಫಿ ಬೆಳೆಯುವ ನಾಡು ನಮ್ಮದು. ಚಿಕೋರಿ ಸೇರಿಸಿದ ಪುಡಿಯಲ್ಲಿ ನೂರಕ್ಕೆ ಕನಿಷ್ಠ 51 ಭಾಗ ಕಾಫಿ ಇರಬೇಕು, ಎರಡರ ಪ್ರಮಾಣವನ್ನೂ ಪ್ಯಾಕೆಟ್ ಮೇಲೆ ಬರೆಯಬೇಕು. ದೊಡ್ಡ ಬ್ರಾಂಡುಗಳು ಬರೆಯುತ್ತವೆ. ಅಗ್ಗದ ಬ್ರಾಂಡುಗಳ ಪ್ಯಾಕೆಟ್ ಮೇಲೆ ಕಾಫಿ ತೋಟದ ಚಿತ್ರ ಇರುತ್ತೆ, ಪ್ರಮಾಣ ಇರೋದಿಲ್ಲ. ಅಡುಗೆ ಎಣ್ಣೆಯಲ್ಲಿ ಕಡಲೆಕಾಯಿಯ ದೊಡ್ಡ ಚಿತ್ರ, ಕೆಳಗೆ ಸಣ್ಣದಾಗಿ ಬ್ಲೆಂಡೆಡ್ ಅಂತ. ಹಣ್ಣಿನ ರಸದ ಡಬ್ಬಿಗಳ ಮೇಲೆ ನೂರಕ್ಕೆ ನೂರು ರಸ ಅಂತ ಹಾಕಿಕೊಳ್ಳುತ್ತಿದ್ದರು. ಗಟ್ಟಿ ರಸಕ್ಕೆ ನೀರು ಬೆರೆಸಿ ಮಾಡಿದ್ದಕ್ಕೆ ಆ ಮಾತು ಬೇಡ ಅಂತ ಎಫ್‌ಎಸ್‌ಎಸ್‌ಎಐ ಹೇಳಿದ್ದು 2024ರ ಜೂನ್‌ನಲ್ಲಿ. ಸಕ್ಕರೆ ನೀರಿನ ಪೊಟ್ಟಣಗಳ ಮೇಲಿಂದ ಓಆರ್‌ಎಸ್ ಅನ್ನೋ ಹೆಸರು ತೆಗೆಯಿರಿ ಅಂತ ಆದೇಶ ಬಂದಿದ್ದು 2025ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಭೇದಿ ಆದ ಮಕ್ಕಳಿಗೆ ತಾಯಂದಿರು ಅದನ್ನು ಔಷಧಿ ಅಂತ ನಂಬಿ ಕುಡಿಸಿದ್ದಾರೆ. ಭೇದಿ ಆದ ಮಗುವಿಗೆ ಜಾಸ್ತಿ ಸಕ್ಕರೆ ಕೊಟ್ಟರೆ ಭೇದಿ ಇನ್ನೂ ಹೆಚ್ಚುತ್ತೆ. ಇದನ್ನು ಬರೀ ಲೇಬಲ್ ತಪ್ಪು ಅಂತ ಕರೆಯಲು ನನಗೆ ಮನಸ್ಸು ಬರಲ್ಲ.

ತಪ್ಪು ಲೇಬಲ್ಲಿಗೆ ಕಾಯ್ದೆಯಲ್ಲಿ 3 ಲಕ್ಷ ರೂಪಾಯಿವರೆಗೆ ದಂಡ ಇದೆ. ದಾರಿ ತಪ್ಪಿಸುವ ಜಾಹೀರಾತಿಗೆ 10 ಲಕ್ಷದವರೆಗೆ. ಇದು ಯಾರ ಮೇಲೆ ಬೀಳುತ್ತೆ ಅನ್ನುವುದು ನನ್ನ ಚಿಂತೆ. ನಮ್ಮ ಊರಿನ ಸ್ತ್ರೀಶಕ್ತಿ ಸಂಘದ ಹೆಂಗಸರು ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಮಾಡುತ್ತಾರೆ. ಅಪ್ಪಟ ಮಾಲು. ಅವರ ಪ್ಯಾಕೆಟ್ ಮೇಲೆ ತಯಾರಾದ ದಿನಾಂಕ ಇದೆ, ಬ್ಯಾಚ್ ನಂಬರ್ ಇಲ್ಲ, ಪೋಷಕಾಂಶದ ಪಟ್ಟಿ ಸರಿಯಾಗಿಲ್ಲ. ಕಾಗದದ ಮೇಲೆ ಅವರೂ ಮಿಸ್‌ಬ್ರಾಂಡೆಡ್, ಅಂದರೆ ತಪ್ಪು ಲೇಬಲ್ಲಿನವರು, ಬೇಕು ಅಂತಲೇ ಹಸುವಿನ ಚಿತ್ರ ಹಾಕಿ ವನಸ್ಪತಿಯನ್ನು ತುಪ್ಪ ಅಂತ ಮಾರುವವನೂ ಮಿಸ್‌ಬ್ರಾಂಡೆಡ್. ಅದೇ ಕಾಯ್ದೆಯ 32ನೇ ಕಲಮು ಸುಧಾರಣಾ ನೋಟಿಸ್ ಕೊಡಲು ದಾರಿ ಮಾಡಿದೆ. 49ನೇ ಕಲಮು ದಂಡ ಹಾಕುವಾಗ ಲಾಭ ಎಷ್ಟಾಗಿದೆ, ತಪ್ಪು ಮತ್ತೆ ಮತ್ತೆ ಆಗಿದೆಯಾ, ಗೊತ್ತಿದ್ದೂ ಮಾಡಿದ್ದಾ ಅಂತ ನೋಡಲು ಹೇಳುತ್ತೆ. ಆ ಹೆಂಗಸರಿಗೆ ನೋಟಿಸ್ ಕೊಡುವ ಜೊತೆಗೆ ಒಂದು ಮಾದರಿ ಲೇಬಲ್ಲನ್ನೂ ಕೊಟ್ಟು ಬನ್ನಿ. ತುಪ್ಪದವನಿಗೆ ಮಾತ್ರ 3 ಲಕ್ಷದ ಪೂರ್ತಿ ರುಚಿ ತೋರಿಸಿ.

ಆ 14 ಅಂಕಿಯ ನಂಬರಿನ ಬಗ್ಗೆಯೂ ಸ್ವಲ್ಪ ಹೇಳಬೇಕು. ಮೊದಲ ಅಂಕಿ 1 ಇದ್ದರೆ ಲೈಸೆನ್ಸು, 2 ಇದ್ದರೆ ಸಣ್ಣವರ ನೋಂದಣಿ. ನಂತರದ ಎರಡು ಅಂಕಿ ರಾಜ್ಯದ್ದು, ನಮ್ಮದು 12. ಹಾಗಾಗಿ ರಾಜ್ಯದ ಲೈಸೆನ್ಸು 112ರಿಂದ, ನೋಂದಣಿ 212ರಿಂದ ಶುರುವಾಗುತ್ತೆ. ಗಿರಾಕಿಗಳು ನಂಬರ್ ಇದೆಯಾ ಅಂತ ನೋಡುತ್ತಾರೆ, ಇದ್ದರೆ ಸರ್ಕಾರವೇ ಪರೀಕ್ಷೆ ಮಾಡಿ ಮುದ್ರೆ ಒತ್ತಿದೆ ಅಂದುಕೊಳ್ಳುತ್ತಾರೆ. ಹಾಗೇನಿಲ್ಲ. 100 ರೂಪಾಯಿ ಕಟ್ಟಿದರೆ ನೋಂದಣಿ ಸಿಗುತ್ತೆ. ಒಮ್ಮೆ ಒಂದು ಅರಿಶಿನದ ಪ್ಯಾಕೆಟ್ಟಿನ ನಂಬರನ್ನು ಎಫ್‌ಎಸ್‌ಎಸ್‌ಎಐ ಪೋರ್ಟಲ್ಲಿನಲ್ಲಿ ಹಾಕಿ ನೋಡಿದೆ. ಬೇರೆ ಜಿಲ್ಲೆಯ ಯಾವುದೋ ಬೇಕರಿ ಹೆಸರು ಬಂತು! ಆನ್‌ಲೈನಿನಲ್ಲೇ ಫೋಟೋ ಸಮೇತ ದೂರು ಹಾಕಿದೆ. ಕೆಲವು ವಾರ ಬಿಟ್ಟು ದೂರು ಮುಕ್ತಾಯವಾಗಿದೆ ಅಂತ ಮೆಸೇಜ್ ಬಂತು. ಹೇಗೆ ಮುಕ್ತಾಯ, ಯಾರು ಹೋಗಿ ನೋಡಿದರು, ಆ ಅರಿಶಿನ ಎಲ್ಲಿ ತಯಾರಾಗುತ್ತಿತ್ತು? ಅಕ್ಷರ ಇಲ್ಲ. ಅದೇ ಪ್ಯಾಕೆಟ್ ಈಗಲೂ ಸಂತೆಯಲ್ಲಿ ಸಿಗುತ್ತೆ. ಅರಿಶಿನಕ್ಕೆ ಹೊಳಪು ಕೊಡಲು ಲೆಡ್ ಕ್ರೋಮೇಟ್ ಹಾಕುತ್ತಾರೆ. ಸೀಸ ಅದು. ಮಕ್ಕಳ ಮೆದುಳಿಗೇ ಕೈ ಹಾಕುವ ವಿಷ. ಇಂಥದ್ದರ ದೂರು ಹೀಗೆ ಮುಗಿಯಬಾರದು.

ಇನ್ನು ಬೀದಿ ಬದಿಯವರ ವಿಚಾರ. ಗೋಬಿ ಗಾಡಿಯವನ ಮೇಲೆ ಕ್ಯಾಮೆರಾ ಹಿಡಿಯೋದು ಸುಲಭ. ಅವನು ಓಡಲಾರ, ವಕೀಲನನ್ನು ಇಡಲಾರ. ಆದರೆ ಬಣ್ಣವನ್ನು ಅವನೇನು ಕುದಿಸಿ ಮಾಡಿದನಾ? ಅಂಗೈಯಗಲದ ಪ್ಲಾಸ್ಟಿಕ್ ಪೊಟ್ಟಣದಲ್ಲಿ ‘ಫುಡ್ ಕಲರ್’ ಅಂತ ಮಾರುತ್ತಾರೆ. ಕೆಲವದರ ಮೇಲೆ ಏನೂ ಬರೆದಿರಲ್ಲ. ಕೆಲವದರಲ್ಲಿ ಇರುವುದು ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೊ. ಕೆಲವು ಸಿಹಿತಿಂಡಿಗೆ ಮಿತಿಯೊಳಗೆ ಹಾಕಬಹುದಾದ ಬಣ್ಣಗಳೇ ಅವು. ಅದೇ ಬಣ್ಣ ಗೋಬಿಗೆ, ಕಬಾಬಿಗೆ ಬಿದ್ದರೆ ಅಪರಾಧ. ಈ ವ್ಯತ್ಯಾಸವನ್ನು ಗಾಡಿಯವನಿಗೆ ಯಾವತ್ತಾದರೂ ಕನ್ನಡದಲ್ಲಿ ಯಾರಾದರೂ ಹೇಳಿದ್ದಾರಾ? ಅವನಿಗೆ ಪೊಟ್ಟಣ ಮಾರಿದವನಿಗೆ, ಆ ಪೊಟ್ಟಣ ತುಂಬಿದವನಿಗೆ, ಬಟ್ಟೆ ಬಣ್ಣವನ್ನು ತಿನ್ನುವ ಬಣ್ಣದ ಪಕ್ಕ ಇಟ್ಟು ಮಾರಿದ ಸಗಟು ವ್ಯಾಪಾರಿಗೆ ನಿಮ್ಮ ದಾಳಿ ತಲುಪಿದೆಯಾ? ಗಾಡಿಯವನನ್ನು ಬಿಟ್ಟುಬಿಡಿ ಅನ್ನುತ್ತಿಲ್ಲ. ಅವನಿಂದ ಶುರು ಮಾಡಿ ಮೇಲಕ್ಕೆ ಹತ್ತಿ.

ಬೆಲ್ಲದ ಕಥೆಯೂ ಅದೇ. ಅಚ್ಚು ಬೆಲ್ಲ ಹಳದಿಗೆ ಹೊಳೆಯಬೇಕು ಅಂತ ಆಲೆಮನೆಗಳಲ್ಲಿ ಹೈಡ್ರೋಸ್ ಅನ್ನೋ ಗಂಧಕದ ಬ್ಲೀಚ್ ಪುಡಿ ಹಾಕುತ್ತಾರೆ. ಬೆಲ್ಲದಲ್ಲಿ ಸಲ್ಫರ್ ಡೈಆಕ್ಸೈಡ್ 70 ಪಿಪಿಎಂ (ಹತ್ತು ಲಕ್ಷಕ್ಕೆ 70 ಭಾಗ) ದಾಟಬಾರದು ಅಂತ ಮಿತಿ ಇದೆ. ಅಳೆಯುವವರು ಯಾರು? ಕಪ್ಪು ಬೆಲ್ಲ ತಂದಿಟ್ಟರೆ ‘ಇದ್ಯಾಕೆ ಹೀಗಿದೆ, ಹಳೇದಾ?’ ಅಂತ ಗಿರಾಕಿ ಮೂಗು ಮುರಿಯುತ್ತಾರೆ. ಹಾಗಾಗಿ ನನ್ನಂಥವನು ಹಳದಿ ಬೆಲ್ಲವನ್ನೇ ಕೇಳುತ್ತಾನೆ, ಮಂಡಿಯವನು ಆಲೆಮನೆಯವನಿಗೆ ಅದನ್ನೇ ಹೇಳುತ್ತಾನೆ. ಹೈಡ್ರೋಸ್ ಚೀಲ ಆಲೆಮನೆಯವರೆಗೆ ಹೇಗೆ ಬರುತ್ತೆ, ಎಷ್ಟು ಬರುತ್ತೆ ಅನ್ನುವ ಲೆಕ್ಕ ಮಾರಿದ ಅಂಗಡಿಯಲ್ಲೇ ಸಿಗುತ್ತೆ. ಅಲ್ಲಿಗೆ ಒಂದು ಸಲ ಹೋದರೆ ನೂರು ಆಲೆಮನೆಗೆ ಹೋಗುವ ಪೆಟ್ರೋಲು ಉಳಿಯುತ್ತೆ.

ನಿಮಗೆ ಜನ ಸಾಲದು ಅಂತ ನನಗೂ ಗೊತ್ತು. ನಮ್ಮ ಕಡೆ ಒಬ್ಬರೇ ಅಧಿಕಾರಿ ಒಂದಕ್ಕಿಂತ ಜಾಸ್ತಿ ತಾಲ್ಲೂಕು ನೋಡಿಕೊಳ್ಳುತ್ತಾರೆ. ಅವರಿಗೆ ಸಭೆ, ವಿಡಿಯೋ ಕಾನ್ಫರೆನ್ಸು, ಜಾತ್ರೆ ಬಂದೋಬಸ್ತು. ಆದರೆ ಕಾಯ್ದೆಯಲ್ಲೇ ಜನರನ್ನು ಜೊತೆಗೆ ಸೇರಿಸಿಕೊಳ್ಳುವ ದಾರಿಗಳಿವೆ, ಅವು ಮಲಗಿವೆ. 40ನೇ ಕಲಮನ್ನು ನೋಡಿ. ಯಾವ ಗ್ರಾಹಕ ಬೇಕಾದರೂ ತಾನು ಕೊಂಡ ಪದಾರ್ಥವನ್ನು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವನಿಗೆ ಹೇಳಬೇಕು. 14 ದಿನದಲ್ಲಿ ವರದಿ. ತಪ್ಪು ಅಂತ ಬಂದರೆ ಕಟ್ಟಿದ ಶುಲ್ಕ ವಾಪಸ್. ಎಷ್ಟು ಚೆಂದದ ನಿಯಮ! ನನ್ನ ಅಂಗಡಿಯಲ್ಲಿ ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯೂ ಹಾಗೆ ಹೇಳಿದ್ದಿಲ್ಲ. ಯಾವ ಲ್ಯಾಬಿಗೆ ಕೊಡಬೇಕು, ಶುಲ್ಕ ಎಷ್ಟು, ಎಷ್ಟು ಮಾಲು ಬೇಕು ಅಂತ ಕನ್ನಡದಲ್ಲಿ ಒಂದು ಬೋರ್ಡು ತಾಲ್ಲೂಕು ಆಸ್ಪತ್ರೆಯ ಗೋಡೆ ಮೇಲೆ ಹಾಕಿಸಲು ಎಷ್ಟು ಖರ್ಚಾಗುತ್ತೆ? ಮೈಸೂರಿನಲ್ಲಿ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ದೇಶದ ಕೇಸುಗಳ ಮೇಲ್ಮನವಿ ಮಾದರಿಗಳು ಬರುವ ರೆಫರಲ್ ಲ್ಯಾಬ್ ಅದು. ಅಂಥ ಸಂಸ್ಥೆ ಮಗ್ಗುಲಲ್ಲೇ ಇರುವ ನಾವು ಖಾರದ ಪುಡಿಯನ್ನು ನೀರಿಗೆ ಹಾಕಿ, ಬಣ್ಣ ಬಿಟ್ಟರೆ ಮೋಸ ಅಂತ ತೀರ್ಮಾನ ಮಾಡಿಕೊಂಡು ಕೂತಿದ್ದೇವೆ.

95ನೇ ಕಲಮು ಇನ್ನೂ ಮುಂದೆ ಹೋಗಿದೆ. ಅಪರಾಧ ಪತ್ತೆಗೆ ನೆರವಾದವರಿಗೆ ಬಹುಮಾನ ಕೊಡುವ ಅಧಿಕಾರವನ್ನು ಸರ್ಕಾರ ನಿಮಗೆ ಕೊಡಬಹುದು. ಕಲಬೆರಕೆ ಘಟಕದ ಒಳಗೆ ಏನು ನಡೆಯುತ್ತೆ ಅಂತ ಮೊದಲು ಗೊತ್ತಾಗುವುದು ಅಲ್ಲಿ ಕೂಲಿಗೆ ಹೋಗುವವರಿಗೆ, ಡ್ರಮ್ಮು ಇಳಿಸುವ ಡ್ರೈವರಿಗೆ. ಅವರು ಯಾಕೆ ಬಾಯಿ ಬಿಡಬೇಕು, ಬಿಟ್ಟರೆ ಕೆಲಸ ಹೋಗುತ್ತೆ. ಹೆಸರು ಗುಟ್ಟಾಗಿಟ್ಟು ಕೈಗೆ ನಾಲ್ಕು ಕಾಸು ಬರುತ್ತೆ ಅಂದರೆ ಮಾತು ಬೇರೆ.

ಹೆಸರು ಬಯಲು ಮಾಡುವ ವಿಷಯ. ಮತ್ತೆ ಮತ್ತೆ ತಪ್ಪು ಮಾಡಿ ಶಿಕ್ಷೆಯಾದವನ ಹೆಸರು, ವಿಳಾಸ, ಅಪರಾಧ, ದಂಡ, ಇಷ್ಟನ್ನೂ ಅವನ ಖರ್ಚಿನಲ್ಲೇ ಪತ್ರಿಕೆಯಲ್ಲಿ ಹಾಕಿಸಲು 64ನೇ ಕಲಮಿನಲ್ಲಿ ಕೋರ್ಟಿಗೆ ಅಧಿಕಾರ ಇದೆ. ಅಂಥ ಒಂದು ಜಾಹೀರಾತನ್ನು ನಾನು ಈವರೆಗೆ ಪತ್ರಿಕೆಯಲ್ಲಿ ಕಂಡಿಲ್ಲ. ನಿಮ್ಮ ವಕೀಲರು ಕೋರ್ಟಿನಲ್ಲಿ ಅದನ್ನು ಕೇಳುತ್ತಾರಾ? 2023ರಲ್ಲಿ ತಿದ್ದುಪಡಿ ಆಯ್ತು. ಅಸುರಕ್ಷಿತ ಆಹಾರದಿಂದ ಯಾರಿಗೂ ಪೆಟ್ಟಾಗದಿದ್ದರೆ 6 ತಿಂಗಳವರೆಗೆ ಇದ್ದ ಜೈಲು 3 ತಿಂಗಳಿಗೆ ಇಳಿಯಿತು, 1 ಲಕ್ಷದ ದಂಡ 3 ಲಕ್ಷಕ್ಕೆ ಏರಿತು. ಜೈಲಿನ ಭಯ ಕಮ್ಮಿ ಆಯ್ತು, ದುಡ್ಡಿನ ಲೆಕ್ಕ ಜಾಸ್ತಿ ಆಯ್ತು. ಕಲಬೆರಕೆಯವನು ದಂಡವನ್ನು ವ್ಯಾಪಾರದ ಖರ್ಚಿಗೆ ಬರೆದುಕೊಳ್ಳಬಲ್ಲ. ಊರೆಲ್ಲ ಹೆಸರು ಗೊತ್ತಾಗುವುದನ್ನು ಬರೆದುಕೊಳ್ಳಲಾರ. ವ್ಯಾಪಾರದಲ್ಲಿ ಕೂದಲು ಹಣ್ಣಾದವನ ಮಾತಿದು.

1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಅರ್ಜಿಮೋನ್ ಅನ್ನೋ ವಿಷದ ಕಳೆ ಗಿಡದ ಬೀಜದ ಎಣ್ಣೆ ಬೆರೆತು 60ಕ್ಕೂ ಹೆಚ್ಚು ಜನ ಸತ್ತರು, ಸಾವಿರಾರು ಜನ ಕಾಲು ಊದಿಕೊಂಡು ಆಸ್ಪತ್ರೆ ಸೇರಿದರು. ಆಮೇಲೆಯೇ ಬಿಡಿ ಎಣ್ಣೆ ಮಾರಾಟದ ಮೇಲೆ ಬಿಗಿ ಬಂದದ್ದು. ಇವತ್ತಿಗೂ ನಮ್ಮ ಸಂತೆಯಲ್ಲಿ ಡಬ್ಬಿಯಿಂದ ಲೀಟರಿಗೆ ಅಳೆದು ಕೊಡುವ ಎಣ್ಣೆ ಸಿಗುತ್ತೆ. ಶುಕ್ರವಾರ ಬಂದರೆ ನಾನೇ ತೋರಿಸುತ್ತೇನೆ.

ನಾನು ಕೇಳುವುದು ದೊಡ್ಡ ಯೋಜನೆ ಏನಲ್ಲ. ಜಿಲ್ಲೆಗೊಂದು ಪಟ್ಟಿ, ತಿಂಗಳಿಗೊಮ್ಮೆ, ಕನ್ನಡದಲ್ಲಿ. ಯಾವ ಪದಾರ್ಥ, ಯಾವ ಬ್ರಾಂಡು, ಯಾವ ಬ್ಯಾಚು, ಲೀಗಲ್ಲೋ ಸರ್ವೆಯೋ, ಪಾಸೋ ಫೇಲೋ, ಫೇಲಾದರೆ ಅಸುರಕ್ಷಿತವೋ ಕಳಪೆಯೋ ಬರೀ ಲೇಬಲ್ ತಪ್ಪೋ, ಕೇಸು ಅಪರ ಜಿಲ್ಲಾಧಿಕಾರಿಗಳ ಮುಂದಿದೆಯೋ ಕೋರ್ಟಿನಲ್ಲಿದೆಯೋ, ದಂಡ ಎಷ್ಟಾಯ್ತು, ಅದರಲ್ಲಿ ಕಟ್ಟಿದ್ದೆಷ್ಟು. ಮೇಲ್ಮನವಿಗೆ 30 ದಿನದ ಅವಕಾಶ ಇದೆಯಲ್ಲ, ಅದು ಮುಗಿದ ಮೇಲೆಯೇ ಹೆಸರು ಹಾಕಿ, ಅನ್ಯಾಯ ಆಗೋದು ಬೇಡ. ಆದರೆ ಅಸುರಕ್ಷಿತ ಅಂತ ಬಂದ ಬ್ಯಾಚಿನ ನಂಬರನ್ನು ಅವತ್ತೇ ಎಲ್ಲ ಅಂಗಡಿಯವರ ಮೊಬೈಲಿಗೆ ಕಳಿಸಿ. ಮಾಲು ವಾಪಸ್ ತರಿಸುವ ನಿಯಮ 2017ರಿಂದಲೇ ಇದೆ. ಯಾವ ಮಾಲು ಅಂತ ಗೊತ್ತಾದರೆ ತಾನೇ ನಾವು ರ್‍ಯಾಕಿನಿಂದ ಇಳಿಸೋದು? ನೋಂದಣಿ ಮಾಡುವಾಗ ನಮ್ಮ ಫೋನ್ ನಂಬರ್ ತಗೊಂಡಿದ್ದೀರಿ. ನವೀಕರಣ ಮಾಡಿ ಅಂತ ಮೆಸೇಜ್ ಬರುತ್ತೆ, ಅಂದರೆ ನಂಬರ್ ಸರಿಯಾಗೇ ಇದೆ.

ನನ್ನ ಅಂಗಡಿಗೆ ಯಾವಾಗ ಬೇಕಾದರೂ ಬನ್ನಿ. ಬಿಲ್ಲುಗಳನ್ನು ತಿಂಗಳವಾರು ದಾರದಲ್ಲಿ ಪೋಣಿಸಿಟ್ಟಿದ್ದೇನೆ. ಸ್ಯಾಂಪಲ್ ತಗೊಳ್ಳಿ, ಬಿಲ್ಲಿನ ಫೋಟೋನೂ ತಗೊಳ್ಳಿ. ನನ್ನ ಅಂಗಡಿ ಬಾಗಿಲು ದಾಟಿದ ಜೀಪು ಅವತ್ತೇ ಆ ಬಿಲ್ಲಿನ ಮೇಲಿರುವ ಗೋಡೌನಿನ ವಿಳಾಸಕ್ಕೂ ಹೋಗಲಿ. ಮಧ್ಯಾಹ್ನದ ಮೇಲಾದರೆ ದಾರಿ ತೋರಿಸಲು ನಾನೇ ಜೊತೆಗೆ ಬರುತ್ತೇನೆ, ಗಲ್ಲಾ ನೋಡಿಕೊಳ್ಳಲು ಮಗ ಕಾಲೇಜಿನಿಂದ ಬಂದಿರುತ್ತಾನೆ.

ಇತಿ ತಮ್ಮ ವಿಶ್ವಾಸಿ,
ಒಬ್ಬ ದಿನಸಿ ಅಂಗಡಿಯವ